ಮೈಗೆ ಹಿತ, ಕಣ್ಣಿಗೆ ಸೊಗಸು



‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಉಣ್ಣುವುದನ್ನು ನಮ್ಮ ನಾಲಗೆಯ ರುಚಿಗೆ ತಕ್ಕಂತೆ ಉಣ್ಣಬೇಕು, ಉಡುವುದನ್ನು ನೋಡುವವರ ಕಣ್ಣಿಗೆ ಒಪ್ಪುವಂತೆ ಉಡಬೇಕು ಎಂದು ಅದರ ತಾತ್ಪರ್ಯ. ಗಾದೆ ಹೇಳುವುದು ಸತ್ಯವೇ. ಆದರೆ ಪೂರ್ಣ ಸತ್ಯವಲ್ಲ. ನೋಡುವವರು ನಮ್ಮ ಉಡುಪನ್ನು ನೋಡುವುದು ಒಂದು ಗಳಿಗೆ. ಉಟ್ಟವರು ಅದರೊಳಗೆ ಇರಬೇಕಾದುದು ಇಡೀ ಹಗಲು.

ವೈಶಾಖ ಮಾಸದ ಉರಿಬಿಸಿಲಿನಲ್ಲಿ, ತಗಡಿನ ಚಪ್ಪರದ ಕೆಳಗೆ, ದಪ್ಪನೆಯ ಕೋಟನ್ನು ಏರಿಸಿಕೊಂಡು, ಕೊರಳ ಗುಂಡಿಯನ್ನು ಸಡಿಲಿಸಲೂ ಸಂಕೋಚಪಟ್ಟು, ಬಂದವರಿಗೆಲ್ಲ ಕೈಮುಗಿಯುತ್ತ ನಿಂತ ಮದುಮಗನನ್ನು ಕಂಡಾಗ, ಆ ಉಡುಪಿನ ಬೆಲೆಯನ್ನು ಹಣದಿಂದ ಒಮ್ಮೆ ತೆತ್ತದ್ದು ಸಾಲದೆ ಬೆವರಿನಿಂದ ಇನ್ನೊಮ್ಮೆ ತೆರುತ್ತಿದ್ದಾನಲ್ಲಾ ಎಂದು ಯಾರಿಗಾದರೂ ಅನ್ನಿಸದಿರದು. ಇದಕ್ಕೆ ವಿರುದ್ಧವಾದ ಅತಿಯೂ ಒಂದುಂಟು. ಮೈಗೆ ಹಾಯಾಗಿದ್ದರೆ ಸಾಕೆಂದು, ಮಲಗಿ ಎದ್ದ ಮುದುಡಿದ ಅಂಗಿಯಲ್ಲಿಯೇ ಕಚೇರಿಗೂ ಸಭೆಗೂ ಹೋಗುವವರನ್ನು ನಾವು ಕಾಣುತ್ತೇವೆ. ಮೊದಲನೆಯವರು ತಮ್ಮ ದೇಹವನ್ನು ಮರೆತವರು. ಎರಡನೆಯವರು ಎದುರಿಗಿರುವವರನ್ನು ಮರೆತವರು.

ಹಿತವೂ ಸೊಗಸೂ ಒಂದೇ ಉಡುಪಿನಲ್ಲಿ ಹೇಗೆ ಕೂಡಿ ಬಾಳಬಹುದು ಎಂಬುದೇ ಇಂದಿನ ನನ್ನ ವಿಷಯ. ನನ್ನ ಅಭಿಪ್ರಾಯವನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇನೆ. ಮೈಗೆ ತಾಗುವ ಎಡೆಯಲ್ಲಿ ಹಿತಕ್ಕೆ ಅಗ್ರಸ್ಥಾನ ಸಲ್ಲಬೇಕು. ಕಣ್ಣಿಗೆ ಬೀಳುವ ಎಡೆಯಲ್ಲಿ ಸೊಗಸಿಗೆ ಅಗ್ರಸ್ಥಾನ ಸಲ್ಲಬೇಕು. ನಮ್ಮ ನೇಕಾರರೂ ದರ್ಜಿಗಳೂ ಈ ವಿವೇಕವನ್ನು ತಲೆತಲಾಂತರದಿಂದ ಬಲ್ಲರು. ಅವರ ಕೈಕೆಲಸದಿಂದಲೇ ಅದನ್ನು ತೋರಿಸಲು ಪ್ರಯತ್ನಿಸುತ್ತೇನೆ. ಮೊದಲು ನೂಲಿನ ವಿಚಾರ, ಆಮೇಲೆ ಅಳತೆಯ ವಿಚಾರ, ಕೊನೆಗೆ ಆರೈಕೆಯ ವಿಚಾರ.

ನೂಲಿನಿಂದ ತೊಡಗೋಣ. ಅದಕ್ಕಿಂತ ಮುಂಚೆ ನಮ್ಮ ನಾಡಿನ ಹವೆಯನ್ನು ಸ್ವಲ್ಪ ನೆನೆಯಬೇಕು. ರಾಯಚೂರು, ಕಲಬುರಗಿಗಳಲ್ಲಿ ಬೇಸಗೆಯ ಬಿಸಿಲು 40 ಡಿಗ್ರಿಯನ್ನು ಮೀರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದ್ದು, ಅಲ್ಲಿಯ ಸಂಜೆಗಳು ತಂಪಾಗಿರುತ್ತವೆ. ಮಂಗಳೂರಿನ ಕಡೆ ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಮಳೆಯಿಲ್ಲದ ದಿನಗಳಲ್ಲಿಯೂ ಗಾಳಿಯಲ್ಲಿ ತೇವ ಆರುವುದಿಲ್ಲ. ಇಷ್ಟು ಬಗೆಯ ಹವೆಯುಳ್ಳ ನಾಡಿನಲ್ಲಿ ಎಲ್ಲರಿಗೂ ಒಂದೇ ಉಡುಪು ಹಿತವಾಗುವುದೆಂತು? ಆದುದರಿಂದಲೇ ಬಯಲುಸೀಮೆಯ ರೈತನು ಸಡಿಲವಾದ ಬಿಳಿಯ ಧೋತರವುಟ್ಟು, ಅಂಗಿ ತೊಟ್ಟು, ನೆತ್ತಿಗೆ ಬಿಸಿಲು ನಾಟದಂತೆ ದೊಡ್ಡ ರುಮಾಲು ಸುತ್ತಿದನು. ಕೊಡವರು ಮೊಣಕಾಲವರೆಗೆ ಇಳಿಯುವ ಕುಪ್ಯವನ್ನು ತೊಟ್ಟು ಸೊಂಟಕ್ಕೆ ಚೇಲೆಯನ್ನು ಬಿಗಿದರು. ಕರಾವಳಿಯ ಹೆಂಗಸರು ಹಗುರವಾದ ಹತ್ತಿಯ ಸೀರೆಯನ್ನು ಮೆಚ್ಚಿದರು. ಇಂದು ಉಡುಪಿ ಸೀರೆಯೆಂದು ಪ್ರಸಿದ್ಧವಾಗಿರುವುದು ಅಂಥ ಸೀರೆಯೇ. ಇವುಗಳಲ್ಲಿ ಯಾವುದನ್ನೂ ಅಂದವಿಲ್ಲದ ಉಡುಪೆಂದು ಯಾರೂ ಹೇಳಲಾರರು.

ಹತ್ತಿಯು ನಮಗೆ ಏಕೆ ಹಿತವೆಂಬುದಕ್ಕೆ ಸ್ಪಷ್ಟವಾದ ಕಾರಣವುಂಟು. ಬೆವರು ಆವಿಯಾಗಿ ಹೋದಾಗ ಮೈ ತಂಪಾಗುತ್ತದೆ. ಮೈಗೂ ಗಾಳಿಗೂ ನಡುವೆ ಇರುವ ಬಟ್ಟೆ ಈ ತೇವವನ್ನು ಹೀರಿ ಹೊರಕ್ಕೆ ಸಾಗಿಸಿದರೆ ನಮಗೆ ನೆಮ್ಮದಿ. ತಡೆದು ನಿಲ್ಲಿಸಿದರೆ ಸಂಕಟ. ಸಾಧಾರಣ ಹವೆಯಲ್ಲಿ 100 ಗ್ರಾಂ ಒಣಹತ್ತಿ ಗಾಳಿಯಿಂದಲೇ ಸುಮಾರು 8 ಗ್ರಾಂ ತೇವವನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ. ರೇಷ್ಮೆ ಸುಮಾರು 11 ಗ್ರಾಂ, ಉಣ್ಣೆ ಸುಮಾರು 16 ಗ್ರಾಂ. ಪಾಲಿಯೆಸ್ಟರ್ ಎಂಬ ಕೃತಕ ನೂಲು ಸೆಳೆದುಕೊಳ್ಳುವುದು ಅರ್ಧ ಗ್ರಾಮಿಗಿಂತಲೂ ಕಡಮೆ. ಈ ನಾಲ್ಕು ಅಂಕಿಗಳನ್ನು ನೆನಪಿನಲ್ಲಿ ಇಡುವ ಅಗತ್ಯವಿಲ್ಲ. ಹತ್ತಿ, ರೇಷ್ಮೆ, ಉಣ್ಣೆಗಳು ತೇವವನ್ನು ಹೀರುತ್ತವೆ, ಪಾಲಿಯೆಸ್ಟರು ಹೀರುವುದಿಲ್ಲವೆನ್ನಬಹುದು ಎಂಬುದೊಂದನ್ನು ನೆನಪಿಟ್ಟರೆ ಸಾಕು.

ಹಾಗೆಂದು ಕೃತಕ ನೂಲನ್ನು ನಾನು ನಿಂದಿಸಹೊರಟವನಲ್ಲ. ಅದು ಬೇಗ ಸುಕ್ಕಾಗದು, ಬೇಗ ಒಣಗುತ್ತದೆ, ಬಹುಕಾಲ ಬಾಳುತ್ತದೆ, ಬಡವನ ಕೈಗೂ ಎಟುಕುತ್ತದೆ. ಇವು ಅಲ್ಪವಾದ ಗುಣಗಳಲ್ಲ. ಹತ್ತಿಯೊಡನೆ ಬೆರೆತಾಗ ಅದು ಎಷ್ಟೋ ಮನೆಗಳಲ್ಲಿ ಇಸ್ತ್ರಿಯ ಶ್ರಮವನ್ನು ಉಳಿಸಿದೆ. ಆದರೆ ಬೆರಕೆಯ ಬಟ್ಟೆಯನ್ನು ಕೊಳ್ಳುವಾಗ ಅದರಲ್ಲಿ ಹತ್ತಿಯ ಪಾಲೆಷ್ಟು ಎಂಬುದನ್ನು ಪಟ್ಟಿಯಲ್ಲಿ ಓದಿ ಕೊಳ್ಳಿರಿ. ಮೈಗೆ ಅಂಟಿ ಇರುವ ಒಳಉಡುಪು, ರವಿಕೆ, ಮಕ್ಕಳ ಅಂಗಿ ಇವುಗಳ ವಿಷಯದಲ್ಲಿಯಂತೂ ಹತ್ತಿಯನ್ನು ಬಿಟ್ಟುಕೊಡಬೇಡಿರಿ.

ಶ್ರೋತೃಗಳೇ, ಇಲ್ಲಿಯವರೆಗೆ ಹೇಳಿದ್ದು ಹಿತದ ಮಾತು. ಸೊಗಸು ಎಲ್ಲಿ ಬಂತೆಂದು ನೀವು ಕೇಳಬಹುದು. ಅದಕ್ಕೆ ಉತ್ತರವಾಗಿ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯೊಂದನ್ನು ನಿಮ್ಮ ಮನಸ್ಸಿನ ಮುಂದೆ ಹಾಸುತ್ತೇನೆ. ಬಾನುಲಿಯಲ್ಲಿ ತೋರಿಸುವಂತಿಲ್ಲವಾದ್ದರಿಂದ ಮಾತಿನಲ್ಲಿಯೇ ಬಿಡಿಸುತ್ತೇನೆ.

ಸೀರೆಯ ಒಡಲು ಹತ್ತಿಯದು. ಬಣ್ಣ ದಾಳಿಂಬೆಯ ಕೆಂಪೋ ಗಿಳಿಯ ಹಸುರೋ ನವಿಲಿನ ನೀಲಿಯೋ ಆಗಿರಬಹುದು. ಎರಡು ಕಡೆಗೂ ಅಗಲವಾದ ರೇಷ್ಮೆಯ ಅಂಚು. ಒಡಲು ಮುಗಿದು ಸೆರಗು ಮೊದಲಾಗುವಲ್ಲಿ ಸೀರೆಯ ಸ್ವರೂಪವೇ ಬದಲಾಗುತ್ತದೆ. ಸೆರಗು ರೇಷ್ಮೆಯದು, ಕೆಂಪು ನೆಲ, ಅದರ ಮೇಲೆ ಕೋಟೆಯ ತೆನೆಗಳಂತೆ ಹಲ್ಲುಹಲ್ಲಾಗಿ ಮೂಡಿದ ಬಿಳಿಯ ವಿನ್ಯಾಸ. ಇದನ್ನೇ ಟೋಪ ತೆನಿ ಸೆರಗು ಎನ್ನುತ್ತಾರೆ. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಸೂಜಿಯಿಂದ ಹೊಲಿದು ಕೂಡಿಸಿಲ್ಲ. ಮಗ್ಗದ ಮೇಲೆಯೇ, ಒಡಲಿನ ಹಾಸುನೂಲಿನ ಕುಣಿಕೆಯೊಳಗೆ ಸೆರಗಿನ ಹಾಸುನೂಲಿನ ಕುಣಿಕೆಯನ್ನು ಒಂದೊಂದಾಗಿ ತೊಡರಿಸಿ, ಕೊಂಡಿ ಹಾಕಿ ಕೂಡಿಸುತ್ತಾರೆ. ಒಂದೇ ಹಾಸಿನಿಂದ ಹಲವು ಸೀರೆಗಳನ್ನು ನೇಯ್ದು ಕತ್ತರಿಸಿಕೊಳ್ಳುವ ಸೌಕರ್ಯ ಈ ನೇಕಾರನಿಗೆ ಇಲ್ಲ. ಸೀರೆ ಸೀರೆಗೂ ಬೇರೆ ಬೇರೆಯಾಗಿ ಹಾಸು ಸಿದ್ಧವಾಗಬೇಕು, ಸೀರೆ ಸೀರೆಗೂ ಕೊಂಡಿಗಳು ಬೀಳಬೇಕು.

ಇಷ್ಟು ಶ್ರಮವನ್ನು ಏತಕ್ಕಾಗಿ ಪಡಬೇಕು? ಸೀರೆಯ ಬಹುಭಾಗ ಸೊಂಟವನ್ನೂ ಕಾಲುಗಳನ್ನೂ ಸುತ್ತಿಕೊಂಡು ಮೈಗೆ ತಾಗಿ ಇರತಕ್ಕದ್ದು. ಅಲ್ಲಿ ಬೆವರನ್ನು ಹೀರುವ, ತೊಳೆದಷ್ಟೂ ಮೆತ್ತಗಾಗುವ, ಹೊಲದಲ್ಲಿಯೂ ಒಲೆಯ ಮುಂದೆಯೂ ದುಡಿಯಲು ಅಡ್ಡಿಯಾಗದ ಹತ್ತಿ ಇದೆ. ಹೆಗಲ ಮೇಲೆ ಹಾದು ಬೆನ್ನ ಮೇಲೆ ಇಳಿಬಿದ್ದು, ತಲೆಯನ್ನೂ ಮುಚ್ಚಿ, ಎಲ್ಲರ ಕಣ್ಣಿಗೂ ಬೀಳುವ ಸೆರಗಿನಲ್ಲಿ ಹೊಳಪುಳ್ಳ ರೇಷ್ಮೆ ಇದೆ. ದುಬಾರಿಯಾದ ರೇಷ್ಮೆಯನ್ನು ಎಲ್ಲಿ ಕಂಡೀತೋ ಅಲ್ಲಿ ಮಾತ್ರ ಬಳಸಿದ್ದರಿಂದ ಬೆಲೆಯೂ ಹಿಡಿತದಲ್ಲಿ ಉಳಿಯಿತು. ನಾನು ಆರಂಭದಲ್ಲಿ ಹೇಳಿದ ತತ್ತ್ವವನ್ನು ಇಳಕಲ್ಲಿನ ನೇಕಾರನು ನೂಲಿನಲ್ಲಿಯೇ ನೇಯ್ದು ತೋರಿಸಿದ್ದಾನೆ.

ಇದೇ ವಿವೇಕವು ಧಾರವಾಡದ ಕಡೆಯ ಕಸೂತಿಯಲ್ಲಿಯೂ ಕಾಣುತ್ತದೆ. ಗೋಪುರ, ರಥ, ತುಳಸೀವೃಂದಾವನ, ಅಂಬಾರಿಯಾನೆ ಮೊದಲಾದ ಚಿತ್ತಾರಗಳನ್ನು, ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಹಾಕುತ್ತಾರೆ. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ಹೊಲಿಗೆಗಳಲ್ಲಿ ನಾಲ್ಕು ಬಗೆ. ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವ ರೂಢಿಯಿಲ್ಲ. ಗವಂತಿಯ ಹೊಲಿಗೆಯಂತೂ ಬಟ್ಟೆಯ ಒಳಮೈಯಲ್ಲಿಯೂ ಹೊರಮೈಯಲ್ಲಿಯೂ ಒಂದೇ ತೆರನಾಗಿ ಕಾಣುತ್ತದೆ. ಹೊರಗಿನ ಅಲಂಕಾರವು ಒಳಗೆ ಗಂಟಾಗಿ ಚುಚ್ಚದು. ಕುಪ್ಪಸದ ತೋಳಿಗೆ ಇಂಥ ಕಸೂತಿಯಿದ್ದರೆ, ನೋಡಿದವರಿಗೆ ಸಂತೋಷ, ತೊಟ್ಟವರಿಗೆ ನೆಮ್ಮದಿ.

ರೇಷ್ಮೆಯನ್ನು ಹಬ್ಬಕ್ಕೆ ಮಾತ್ರ ಸಲ್ಲತಕ್ಕ ಭಾರದ ವಸ್ತ್ರವೆಂದು ಭಾವಿಸುವವರು ಮೈಸೂರು ರೇಷ್ಮೆಯನ್ನು ನೆನೆಯಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಸ್ಥಾಪಿತವಾಯಿತು. ಅಲ್ಲಿಯ ಕ್ರೇಪ್ ಸೀರೆಯ ನೂಲನ್ನು ಬಲವಾಗಿ ಹುರಿಗೊಳಿಸಿ ನೇಯುವುದರಿಂದ ಬಟ್ಟೆ ಸೆಟೆದು ನಿಲ್ಲದೆ ಮೈಯ ಚಲನೆಯೊಡನೆ ಜಾರುತ್ತದೆ. ನೆರಿಗೆಗಳು ತಾವಾಗಿಯೇ ಇಳಿಯುತ್ತವೆ. ಬಣ್ಣ ಒಂದೇ, ಅಂಚಿನಲ್ಲಿ ಸಣ್ಣ ಜರಿ. ಆಡಂಬರ ಕಡಮೆಯಾದುದರಿಂದಲೇ ಅದರ ಗಾಂಭೀರ್ಯ ಹೆಚ್ಚಾಯಿತೆಂದು ನನ್ನ ನಂಬಿಕೆ.

ಈವರೆಗೆ ಹೇಳಿದ್ದನ್ನು ಒಮ್ಮೆ ಕೂಡಿಸಿ ನೋಡೋಣ. ಹವೆಗೆ ತಕ್ಕ ನೂಲನ್ನು ಆರಿಸಬೇಕು. ಮೈಗೆ ತಾಗುವಲ್ಲಿ ತೇವವನ್ನು ಹೀರುವ ಬಟ್ಟೆ ಇರಬೇಕು. ಅಲಂಕಾರವನ್ನು ಅಂಚಿನಲ್ಲಿ, ಸೆರಗಿನಲ್ಲಿ, ಕಣ್ಣು ಹೋಗುವ ಎಡೆಯಲ್ಲಿ ಇಡಬೇಕು. ಇಷ್ಟು ನೂಲಿನ ವಿಚಾರ. ಇನ್ನು ಎರಡನೆಯದಾದ ಅಳತೆಗೆ ಬರೋಣ.

ನೂಲು ಎಷ್ಟೇ ಉತ್ತಮವಾಗಿದ್ದರೂ ಅಳತೆ ತಪ್ಪಿದರೆ ಹಿತವೂ ಹೋಯಿತು, ಸೊಗಸೂ ಹೋಯಿತು. ಹೊಲಿಗೆಯಿಲ್ಲದ ಉಡುಪಿನಲ್ಲಿ ಈ ತೊಂದರೆ ಇಲ್ಲ. ನಾಲ್ಕು ಮೊಳದ ಪಂಚೆ, ಎಂಟು ಮೊಳದ ಪಂಚೆ ಎಂದು ಅಂಗಡಿಯಲ್ಲಿ ಕೇಳುತ್ತೇವೆ; ಮೊಳವೆಂದರೆ ಸುಮಾರು ಒಂದೂವರೆ ಅಡಿ. ಅದೇ ಪಂಚೆಯನ್ನು ತೆಳ್ಳಗಿನವನೂ ಉಡಬಹುದು, ಸ್ಥೂಲಕಾಯನೂ ಉಡಬಹುದು; ಉಂಡ ಮೇಲೆ ಸಡಿಲಿಸಬಹುದು, ಕೆಲಸಕ್ಕೆ ನಿಂತಾಗ ಎತ್ತಿ ಕಟ್ಟಬಹುದು, ದೂರ ನಡೆಯಬೇಕಾದಾಗ ಕಚ್ಚೆ ಹಾಕಬಹುದು. ಉಡುವ ಕ್ರಮವನ್ನು ಅರಿತವನ ಮೈಮೇಲೆ, ಅಂಚು ನೇರವಾಗಿ ಇಳಿದು, ನೆರಿಗೆಗಳು ಸಮನಾಗಿ ಕುಳಿತಾಗ ಅದಕ್ಕಿಂತ ಗೌರವವಾದ ಉಡುಪು ಬೇರೊಂದಿಲ್ಲ. ಸೀರೆಯ ಮಾತೂ ಇದೇ.

ಹೊಲಿದ ಉಡುಪಿನಲ್ಲಿ ಈ ಹೊಂದಾಣಿಕೆಯನ್ನು ದರ್ಜಿಯ ಕತ್ತರಿಯೇ ಒದಗಿಸಬೇಕು. ನಮ್ಮ ಹಳೆಯ ಮಾದರಿಯ ಜುಬ್ಬವೊಂದನ್ನು ಕೈಗೆತ್ತಿಕೊಂಡು ಅದರ ಕಂಕುಳನ್ನು ನೋಡಿರಿ. ತೋಳೂ ಮೈಯೂ ಕೂಡುವ ಕೆಳಭಾಗದಲ್ಲಿ ಅಂಗೈಗಿಂತ ಚಿಕ್ಕದಾದ ಒಂದು ಚೌಕದ ತುಂಡನ್ನು ಸೇರಿಸಿ ಹೊಲಿದಿರುತ್ತಾರೆ. ಕೈ ಇಳಿಬಿಟ್ಟಾಗ ಅದು ಮಡಿಸಿಕೊಂಡು ಮರೆಯಾಗುತ್ತದೆ. ಕೈ ಎತ್ತಿದಾಗ ಬಿಚ್ಚಿಕೊಂಡು ತೋಳಿಗೆ ಎಡೆಗೊಡುತ್ತದೆ. ಆ ತುಂಡಿಲ್ಲದಿದ್ದರೆ ಕೈಯೊಡನೆ ಇಡೀ ಅಂಗಿಯೇ ಮೇಲಕ್ಕೆ ಎಳೆದುಕೊಳ್ಳುತ್ತದೆ, ಇಲ್ಲವೇ ಹೊಲಿಗೆ ಹಿಸಿಯುತ್ತದೆ. ಯಾರ ಕಣ್ಣಿಗೂ ಬೀಳದ ಆ ಚೌಕವೇ, ಕಣ್ಣಿಗೆ ಬೀಳುವ ಅಂಗಿಯ ನೇರವಾದ ಇಳಿಜಾರನ್ನು ಕಾಪಾಡುತ್ತದೆ. ಹಿತವು ಸೊಗಸಿಗೆ ಆಧಾರವಾಗಿ ನಿಲ್ಲುತ್ತದೆಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ಸಾಕ್ಷಿ ಬೇಕೆ?

ಸಿದ್ಧ ಉಡುಪನ್ನು ಕೊಳ್ಳುವವರು ಕೆಲವು ಪರೀಕ್ಷೆಗಳನ್ನು ತಾವೇ ಮಾಡಿಕೊಳ್ಳಬಹುದು. ಅಂಗಿಯ ಹೆಗಲ ಹೊಲಿಗೆ ನಿಮ್ಮ ಹೆಗಲಿನ ಮೂಳೆಯ ತುದಿಯಲ್ಲಿಯೇ ಇದೆಯೇ? ಕೊರಳ ಗುಂಡಿ ಹಾಕಿದ ಮೇಲೆ ಎರಡು ಬೆರಳು ಆಡುವಷ್ಟು ಎಡೆ ಉಳಿಯುವುದೇ? ಕುಳಿತಾಗ ಎದೆಯ ಗುಂಡಿಗಳ ನಡುವೆ ಬಾಯಿ ಬಿಡುವುದೇ? ಷರಾಯಿ ತೊಟ್ಟು ಒಮ್ಮೆ ನೆಲದ ಮೇಲೆ ಕುಳಿತು ಏಳಿರಿ. ನಿಂತಾಗ ಮಾತ್ರ ಚೆನ್ನಾಗಿ ಕಾಣುವ ಉಡುಪು ನಿತ್ಯದ ಉಡುಪಾಗಲಾರದು. ಬಾಗುವುದು, ಕೂರುವುದು, ಮೆಟ್ಟಿಲು ಹತ್ತುವುದು, ಮಗುವನ್ನು ಎತ್ತಿಕೊಳ್ಳುವುದು, ಇವೆಲ್ಲವೂ ಸೇರಿಯೇ ನಮ್ಮ ದಿನ.

ಹೊಲಿಸುವವರಿಗೆ ಇನ್ನೆರಡು ಮಾತು. ಹತ್ತಿಯ ಬಟ್ಟೆ ಮೊದಲನೆಯ ಒಗೆತಕ್ಕೆ ಕುಗ್ಗುತ್ತದೆ. ದರ್ಜಿಗೆ ಕೊಡುವ ಮುನ್ನ ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು ಒಣಗಿಸಿಕೊಂಡರೆ ಮುಂದೆ ಅಂಗಿ ಬಿಗಿಯಾಯಿತೆಂದು ಪರಿತಪಿಸಬೇಕಾಗಿಲ್ಲ. ರವಿಕೆಗಾಗಲಿ ಮಕ್ಕಳ ಉಡುಪಿಗಾಗಲಿ ಹೊಲಿಗೆಯ ಒಳಗೆ ಸ್ವಲ್ಪ ಬಟ್ಟೆ ಬಿಡುವಂತೆ ಹೇಳಿರಿ. ಬೆಳೆಯುವ ಹುಡುಗಿಯ ಲಂಗದ ಕೆಳಗೆ ಮಡಿಕೆ ಹೊಲಿಸಿ, ವರ್ಷಕ್ಕೊಂದರಂತೆ ಬಿಚ್ಚುತ್ತ ಬರುತ್ತಿದ್ದ ತಾಯಂದಿರು ಮಿತವ್ಯಯವನ್ನೂ ಬಲ್ಲವರು, ಅಂದವನ್ನೂ ಬಲ್ಲವರು.

ನೂಲು ಹವೆಗೆ ಒಪ್ಪಬೇಕು, ಅಳತೆ ಚಲನೆಗೆ ಒಪ್ಪಬೇಕು ಎಂಬಲ್ಲಿಗೆ ಎರಡು ವಿಚಾರಗಳು ಮುಗಿದವು. ಮೂರನೆಯದು ಆರೈಕೆ. ಇದಕ್ಕೆ ಹಣ ಬೇಕಾಗಿಲ್ಲ, ಶ್ರದ್ಧೆ ಬೇಕು. ಆದಕಾರಣ ಬಡವನಿಗೂ ಬಲ್ಲಿದನಿಗೂ ಸಮನಾಗಿ ದೊರೆಯತಕ್ಕ ಸೊಗಸು ಇದೊಂದೇ.

ಒಗೆದ ಬಟ್ಟೆಯನ್ನು ಹಿಂಡಿದ ಹಾಗೆಯೇ ಹಗ್ಗಕ್ಕೆ ಎಸೆಯದೆ, ಚೆನ್ನಾಗಿ ಕೊಡವಿ, ಅಂಚು ಹಿಡಿದೆಳೆದು ಹರವಿದರೆ ಅರ್ಧ ಸುಕ್ಕು ಅಲ್ಲಿಯೇ ಹೋಗುತ್ತದೆ. ಬಣ್ಣದ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಬೇಕು. ಹತ್ತಿಯ ಸೀರೆಗೆ ಅನ್ನದ ಗಂಜಿ ಹಾಕುವವರು ಅದನ್ನು ತೆಳುವಾಗಿ ಸೋಸಿ ಹಾಕಬೇಕು. ಗಂಜಿ ದಪ್ಪವಾದರೆ ನೇಯ್ಗೆಯ ಸಂದುಗಳು ಮುಚ್ಚಿಕೊಂಡು, ಗಾಳಿಯಾಡಲೆಂದು ಕೊಂಡ ಬಟ್ಟೆಯೇ ಗಾಳಿಯನ್ನು ತಡೆಯುತ್ತದೆ. ಇಸ್ತ್ರಿಗೆ ಮುಂಚೆ ನೀರು ಚಿಮುಕಿಸಿ ಸುತ್ತಿಟ್ಟರೆ ಹತ್ತಿ ಸುಲಭವಾಗಿ ಮಣಿಯುತ್ತದೆ. ರೇಷ್ಮೆಗೆ ಅಂಟುವಾಳದ ನೀರು ಮೃದುವಾದುದು. ಜರಿಯ ಸೀರೆಯನ್ನು ಪೆಟ್ಟಿಗೆಯಲ್ಲಿಟ್ಟು ಮರೆಯಬಾರದು; ಆಗಾಗ ತೆಗೆದು ಮಡಿಕೆ ಬದಲಾಯಿಸಿ ಇಡದಿದ್ದರೆ ಹಳೆಯ ಮಡಿಕೆಯ ಗೆರೆಯಲ್ಲಿಯೇ ಅದು ಸೀಳುತ್ತದೆ. ಹರಿದದ್ದನ್ನು ಅಂದವಾಗಿ ಹೊಲಿದುಕೊಂಡು ಉಡುವುದರಲ್ಲಿ ಅವಮಾನವಿಲ್ಲ. ಕಳಚಿದ ಗುಂಡಿಯನ್ನು ಹಾಕಿಸದೆ ಉಡುವುದರಲ್ಲಿ ಇದೆ.

ಆರೈಕೆಯ ಮಹತ್ತ್ವವನ್ನು ಮನಗಾಣಲು ಇಬ್ಬರು ಮಹನೀಯರನ್ನು ಸ್ಮರಿಸುತ್ತೇನೆ. ಒಬ್ಬರು ಸರ್ ಎಂ. ವಿಶ್ವೇಶ್ವರಯ್ಯನವರು. 1861ರಿಂದ 1962ರವರೆಗೆ, ನೂರು ವರ್ಷಗಳಿಗೂ ಮಿಕ್ಕಿದ ಆ ಬಾಳಿನಲ್ಲಿ ತೆಗೆದ ಅವರ ಭಾವಚಿತ್ರಗಳನ್ನು ಯಾರು ತಾನೇ ನೋಡಿಲ್ಲ? ತಲೆಯ ಮೇಲೆ ಮೈಸೂರು ಪೇಟ, ಇಸ್ತ್ರಿ ಕೆಡದ ಕೋಟು, ಕೊರಳಲ್ಲಿ ಟೈ. ಇನ್ನೊಬ್ಬರು ಮಹಾತ್ಮಾ ಗಾಂಧಿಯವರು. 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ, ಬಡವರ ಬಟ್ಟೆಯ ಅಭಾವವನ್ನು ನೆನೆದು, ಉಳಿದುದೆಲ್ಲವನ್ನೂ ತ್ಯಜಿಸಿ ತುಂಡುಪಂಚೆಯನ್ನು ಅಂಗೀಕರಿಸಿದರು. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದಾಗಲೂ ಆ ವ್ರತವನ್ನು ಬಿಡಲಿಲ್ಲ. ಉಡುಪಿನ ಪ್ರಮಾಣದಲ್ಲಿ ಈ ಇಬ್ಬರೂ ಎರಡು ತುದಿಗಳು. ಆದರೆ ಶುಭ್ರತೆಯಲ್ಲಿ ಇಬ್ಬರೂ ಒಂದೇ. ಉಟ್ಟದ್ದು ತಮ್ಮ ಕಾರ್ಯಕ್ಕೆ ಒಪ್ಪಬೇಕೆಂಬ ನಿಷ್ಠೆಯಲ್ಲಿಯೂ ಒಂದೇ. ಬಟ್ಟೆ ಹೆಚ್ಚಾದರೆ ಗೌರವ ಹೆಚ್ಚಾಗದು, ಕಡಮೆಯಾದರೆ ಗೌರವ ಕುಗ್ಗದು.

ನೂಲು, ಅಳತೆ, ಆರೈಕೆ ಈ ಮೂರನ್ನೂ ಹೇಳಿದ್ದಾಯಿತು. ಇನ್ನು ಉಳಿದಿರುವುದು ಒಂದು ಬಿನ್ನಹ. ಉಡುಪನ್ನು ತಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯ ಇರುವವರಿಗೆ ನನ್ನ ಮಾತು ತಕ್ಕಮಟ್ಟಿಗೆ ಉಪಯೋಗವಾದೀತು. ಆ ಸ್ವಾತಂತ್ರ್ಯ ಇಲ್ಲದವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅವರಲ್ಲಿ ಮೊದಲಿಗರು ಶಾಲೆಯ ಮಕ್ಕಳು. ಸಮವಸ್ತ್ರವು ಸಮಾನತೆಯ ಗುರುತು, ಅದು ಇರಲಿ. ಆದರೆ ಬಯಲುಸೀಮೆಯ ಬಿಸಿಲಿನಲ್ಲಿ ಆಡಿ ಓಡುವ ಮಗುವಿಗೆ ಬೆವರು ಹೀರದ ಬಟ್ಟೆ, ಕೊರಳಿಗೆ ಬಿಗಿದ ಟೈ, ಮುಚ್ಚಿದ ಬೂಟು ಇವು ಯಾವ ವಿದ್ಯೆಗೆ ಸಹಾಯಕ? ಶಾಲೆಯ ಆಡಳಿತವನ್ನು ನಡೆಸುವ ಹಿರಿಯರು ದಯವಿಟ್ಟು ಆಲೋಚಿಸಬೇಕು. ಹತ್ತಿ ಹೆಚ್ಚಾಗಿರುವ ಬಟ್ಟೆಯನ್ನು ಗೊತ್ತುಮಾಡಿರಿ. ಬೇಸಗೆಯಲ್ಲಿ ಟೈಯನ್ನು ಬಿಡಿಸಿರಿ. ಹುಡುಗರ ಉಡುಪಿಗೆ ಇರುವಂತೆಯೇ ಹುಡುಗಿಯರ ಉಡುಪಿಗೂ ಜೇಬು ಹೊಲಿಸಿರಿ. ಕಾವಲುಗಾರರಿಗೂ, ಹೋಟಲಿನ ಮಾಣಿಗಳಿಗೂ, ಅಂಗಡಿಗಳಲ್ಲಿ ದಿನವಿಡೀ ನಿಲ್ಲುವ ಹೆಣ್ಣುಮಕ್ಕಳಿಗೂ ಉಡುಪನ್ನು ನಿಯಮಿಸುವ ಮಾಲೀಕರಿಗೆ ಕೂಡ ನನ್ನ ಪ್ರಾರ್ಥನೆ ಇದೇ. ಆ ಉಡುಪನ್ನು ನಿಯಮಿಸುವ ಮುನ್ನ ನೀವೊಂದು ಮಧ್ಯಾಹ್ನ ತೊಟ್ಟು ನೋಡಿರಿ.

ಮುಂದಿನ ಸಲ ಬಟ್ಟೆಯಂಗಡಿಗೆ ಹೋದಾಗ ಕಣ್ಣಿನಿಂದ ನೋಡುವುದಕ್ಕೆ ಮುಂಚೆ ಬೆರಳಿನಿಂದ ಮುಟ್ಟಿ ನೋಡಿರಿ, ನೂಲು ಯಾವುದೆಂದು ಕೇಳಿರಿ, ಸಾಧ್ಯವಾದರೆ ವರ್ಷಕ್ಕೆ ಒಂದಾದರೂ ಕೈಮಗ್ಗದ ಬಟ್ಟೆಯನ್ನು ಕೊಳ್ಳಿರಿ. ಇಳಕಲ್ಲಿನಲ್ಲಿ ಕೊಂಡಿ ಹಾಕುವ ಕೈಗಳಿಗೆ ಕೆಲಸವಿದ್ದರೆ ಮಾತ್ರ ಹಿತವನ್ನೂ ಸೊಗಸನ್ನೂ ಕೂಡಿಸಬಲ್ಲ ಆ ವಿದ್ಯೆ ನಮ್ಮ ಮಕ್ಕಳವರೆಗೂ ಉಳಿದೀತು.